ಕಡಲಾಚೆಯ ತಾಯಿಯ ಧರ್ಮ

ಭರತಮುನಿಯು ನಾಟ್ಯಶಾಸ್ತ್ರದಲ್ಲಿ ಎಂಟು ಬಗೆಯ ನಾಯಿಕೆಯರನ್ನು ಎಣಿಸುವಾಗ ಪ್ರೋಷಿತಭರ್ತೃಕೆಯೆಂಬವಳನ್ನೂ ಹೇಳಿದ್ದಾನೆ. ಗಂಡನು ದೇಶಾಂತರಕ್ಕೆ ಹೋಗಿರಲು ಮನೆಯಲ್ಲುಳಿದು ಹಾದಿ ಕಾಯುವ ಹೆಂಡತಿಯೇ ಅವಳು. ಮನುವೂ ಈ ವಿಷಯವನ್ನು ಮರೆತಿಲ್ಲ. ಕಾರ್ಯಾರ್ಥವಾಗಿ ಹೊರಡುವ ಪುರುಷನು ಹೆಂಡತಿಯ ಜೀವನಕ್ಕೆ ಏರ್ಪಾಡು ಮಾಡಿಟ್ಟೇ ಹೊರಡತಕ್ಕದ್ದೆಂದೂ, ಧರ್ಮಾರ್ಥವಾಗಿ ಹೋದವನಿಗಾಗಿ ಅವಳು 8 ವರ್ಷ, ವಿದ್ಯೆಗೋ ಯಶಸ್ಸಿಗೋ ಹೋದವನಿಗಾಗಿ 6 ವರ್ಷ, ಕಾಮಾರ್ಥವಾಗಿ ಹೋದವನಿಗಾಗಿ 3 ವರ್ಷ ಕಾಯಬೇಕೆಂದೂ ವಿಧಿಸಿದ್ದಾನೆ. ಕಾಳಿದಾಸನ ಯಕ್ಷನು ಮೋಡವನ್ನು ದೂತನನ್ನಾಗಿ ಮಾಡಿ ಕಳುಹಿದ್ದೂ ಮನೆಯಲ್ಲುಳಿದ ಹೆಂಡತಿಗೇ. ಹೋಗುವವನು ಗಂಡಸು, ಉಳಿಯುವವಳು ಹೆಂಗಸು ಎಂಬ ಎಣಿಕೆಯ ಮೇಲೆಯೇ ಕಾವ್ಯವೂ ಧರ್ಮಶಾಸ್ತ್ರವೂ ಬಹುಮಟ್ಟಿಗೆ ನಿಂತಿವೆ. ತಾಯಿಯೇ ಹೊರಟುಹೋಗಿ ಮಗುವು ಮನೆಯಲ್ಲುಳಿದರೆ ಆ ಮಗುವನ್ನು ಏನೆಂದು ಕರೆಯಬೇಕು? ಅದಕ್ಕೆ ಪ್ರಸಿದ್ಧವಾದ ಹೆಸರೊಂದಿಲ್ಲ. ಆ ತಾಯಿಗೆ ಹೇಳಿದ ವಿಧಿಯೂ ಇಲ್ಲ. ಆದರೆ ಅವಳಿಗೆ ಸಲ್ಲುವ ನಿಂದೆಗೆ ಮಾತ್ರ ಎಲ್ಲಿಯೂ ಕೊರತೆಯಿಲ್ಲ.

ಈ ಪ್ರಶ್ನೆಯು ಕೇವಲ ಗ್ರಂಥದಿಂದ ಹುಟ್ಟಿದ್ದಲ್ಲ. ಚನ್ನಗಿರಿ ತಾಲ್ಲೂಕಿನ ಅಸ್ತಾಪನಹಳ್ಳಿ, ಗೋಪನಾಳುಗಳಲ್ಲಿ ನೆಲೆಸಿರುವ ಹಕ್ಕಿಪಿಕ್ಕಿ ಜನರ ಮನೆಗಳಲ್ಲಿ ಅದು ನಿತ್ಯದ ಪ್ರಶ್ನೆ. ಇವರ ಮನೆಮಾತು ಗುಜರಾತಿಗೆ ಹತ್ತಿರವಾದ ವಾಗ್ರಿ. ಹೆಸರೇ ಹೇಳುವಂತೆ ಹಕ್ಕಿ ಹಿಡಿಯುವುದು ಇವರ ಕುಲವೃತ್ತಿಯಾಗಿತ್ತು. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಯು ಬೇಟೆಯನ್ನು ನಿಷೇಧಿಸಿತು. ಕಾಡಿನ ಹಕ್ಕಿಗಳ ಪಾಲಿಗೆ ಅದು ಅಭಯವಾಯಿತು; ಅವನ್ನು ಹಿಡಿದು ಬದುಕುತ್ತಿದ್ದವರು ಬೇರೆ ದಾರಿಯನ್ನು ತಾವೇ ಹುಡುಕಿಕೊಳ್ಳಬೇಕಾಯಿತು. ಸಂತೆ ಜಾತ್ರೆಗಳಲ್ಲಿ ಮಣಿಸರ, ಬಾಚಣಿಗೆ, ಹೂಗಳನ್ನು ಮಾರಿದರು. ಗಿಡಮೂಲಿಕೆಗಳನ್ನು ಹಾಕಿ ಕಾಯಿಸಿದ ತಲೆಯೆಣ್ಣೆಯನ್ನು ಊರೂರಿಗೆ ಹೊತ್ತರು. ಆ ಎಣ್ಣೆಯೇ ಕಾಲಕ್ರಮದಲ್ಲಿ ಅವರನ್ನು ಕಡಲು ದಾಟಿಸಿ ಸುಡಾನ್, ಗ್ಯಾಬೊನ್ ಮೊದಲಾದ ಆಫ್ರಿಕದ ದೇಶಗಳಿಗೆ ಒಯ್ದಿತು. ಸಾಲ ತೆಗೆದು ಹೋಗುವವರುಂಟು. ಗಂಡಸರ ಸಂಗಡ ಹೆಂಗಸರೂ ಹೋಗುತ್ತಾರೆ. ಈ ಕುಲದಲ್ಲಿ ಮದುವೆಗೆ ತೆರ ಕೊಡತಕ್ಕದ್ದು ಗಂಡಿನ ಕಡೆಯವರು; ಹೆಣ್ಣಿನ ದುಡಿಮೆಗೆ ಅಲ್ಲಿ ಅಷ್ಟು ಬೆಲೆಯಿದೆ. ಶಾಲೆಗೆ ಹೋಗುವ ಮಕ್ಕಳು ಅಜ್ಜ ಅಜ್ಜಿಯರ ಬಳಿ ಉಳಿಯುತ್ತಾರೆ.

ಅಂಥ ತಾಯಿಯೊಬ್ಬಳ ದಿನಚರಿಯನ್ನು ಊಹಿಸಿಕೊಳ್ಳುವುದು ಕಷ್ಟವಲ್ಲ. ಸುಡಾನಿನ ಗಡಿಯಾರವು ಇಲ್ಲಿಯದಕ್ಕಿಂತ ಮೂರೂವರೆ ಗಂಟೆ ಹಿಂದೆ ನಡೆಯುತ್ತದೆ. ಚನ್ನಗಿರಿಯ ಕಡೆ ಒಂಬತ್ತು ಗಂಟೆಗೆ ಮಗುವು ಚೀಲವನ್ನು ಬೆನ್ನಿಗೇರಿಸಿ ಶಾಲೆಗೆ ಹೊರಡುವಾಗ ಅಲ್ಲಿ ಬೆಳಗಿನ ಐದೂವರೆ. ಆಕೆ ಏಳುವುದು ಆಗ. ಬಾಡಿಗೆಯ ಕೋಣೆಯ ಒಂದು ಮೂಲೆಯಲ್ಲಿ ಎಣ್ಣೆಯ ಪಾತ್ರೆ, ಇನ್ನೊಂದು ಮೂಲೆಯಲ್ಲಿ ಅಡಿಗೆಯ ಒಲೆ. ನೀರು ಹಿಡಿದು, ಗಂಜಿ ಕಾಯಿಸಿ, ಸೀಸೆಗಳನ್ನು ತುಂಬಿ ಹೊರಡಬೇಕು. ಆ ದೇಶದವರೂ ಜೋಳವನ್ನು ಉಣ್ಣುವವರು. ಹುಳಿ ಬರಿಸಿದ ಜೋಳದ ಹಿಟ್ಟನ್ನು ಕಾವಲಿಯ ಮೇಲೆ ತೆಳ್ಳಗೆ ಹರಡಿ ಮಾಡುವ ಕಿಸ್ರವೆಂಬ ರೊಟ್ಟಿಯನ್ನು ಕಂಡರೆ ಹೊನ್ನಾಳಿ ಜಗಳೂರು ಸೀಮೆಯ ಹೆಂಗಸಿಗೆ ತೀರ ಪರಕೀಯವೆನಿಸದು. ಆದರೆ ಅದನ್ನು ಮುರಿದು ಬಾಯಿಗಿಡುವಾಗ, ಮನೆಯಲ್ಲಿ ಕೂಸು ಉಂಡಿತೋ ಇಲ್ಲವೋ ಎಂದು ಕೈ ತಡೆಯುತ್ತದೆ. ಹಗಲೆಲ್ಲ ಅರಬ್ಬಿಯ ನಾಲ್ಕು ಮಾತು ಕಲಿತು ಪರರ ತಲೆಗೆ ಎಣ್ಣೆ ತಿಕ್ಕುತ್ತಾಳೆ. ತನ್ನ ಮಗಳ ತಲೆಗೆ ಎಣ್ಣೆ ಹಚ್ಚಿ ಜಡೆ ಹೆಣೆಯುವವಳು ಅಜ್ಜಿ. ಸಂಜೆ ಆರು ಗಂಟೆಗೆ ವ್ಯಾಪಾರ ಮುಗಿಸಿ ಮೊಬೈಲನ್ನು ಕೈಗೆತ್ತಿಕೊಳ್ಳುವ ವೇಳೆಗೆ ಇಲ್ಲಿ ಒಂಬತ್ತೂವರೆಯಾಗಿರುತ್ತದೆ. ನಿದ್ದೆ ಹೋದ ಮಗುವಿನ ಮುಖದ ಮುಂದೆ ಅಜ್ಜಿಯು ಮೊಬೈಲನ್ನು ಹಿಡಿಯುತ್ತಾಳೆ. ಎಷ್ಟೋ ದಿನ ತಾಯಿಗೆ ದೊರೆಯುವ ದರ್ಶನ ಅಷ್ಟೇ.

ಇಲ್ಲಿ ಪೂರ್ವಪಕ್ಷವು ಹೀಗಿದೆ: ತಾಯ್ತನವೆಂಬುದು ಹಣ ಕಳುಹುವುದಲ್ಲ, ಬಳಿಯಲ್ಲಿರುವುದು. ಜ್ವರ ಬಂದ ರಾತ್ರಿ ಹಣೆಯ ಮೇಲೆ ಕೈಯಿಡುವುದು, ಬಿದ್ದಾಗ ಎತ್ತುವುದು, ಸುಳ್ಳು ಹೇಳಿದಾಗ ಕಣ್ಣಿನಲ್ಲಿಯೇ ಗದರುವುದು, ಇವುಗಳನ್ನು ಮತ್ತೊಬ್ಬರ ಕೈಯಿಂದ ಮಾಡಿಸಲಾಗದು. ಯಾಗದಲ್ಲಿ ಒಂದು ದ್ರವ್ಯವು ದೊರೆಯದಿದ್ದರೆ ಬೇರೊಂದನ್ನು ಪ್ರತಿನಿಧಿಯಾಗಿ ಇಡಬಹುದು. ಯಜಮಾನನಿಗೆ ಮಾತ್ರ ಪ್ರತಿನಿಧಿಯಿಲ್ಲವೆಂದು ಮೀಮಾಂಸಕರು ನಿರ್ಣಯಿಸಿದ್ದಾರೆ. ಮನೆಯೆಂಬ ಯಾಗದಲ್ಲಿ ತಾಯಿಯೂ ಹಾಗೆಯೇ. ಆದಕಾರಣ ಎಷ್ಟು ಗಳಿಸಿ ತಂದರೂ ಆಕೆ ಧರ್ಮಭ್ರಷ್ಟೆಯೇ ಸರಿ.

ಸಮುದ್ರಯಾನವನ್ನೇ ಬೌಧಾಯನನು ಪತನಕಾರಣಗಳಲ್ಲಿ ಎಣಿಸಿದ್ದಾನೆಂದು ಇದಕ್ಕೆ ಒತ್ತಾಸೆ ಕೊಡುವವರೂ ಇರಬಹುದು. ವಿದ್ಯಾವಂತರ ಮನೆಗಳು ತಮ್ಮ ಮಕ್ಕಳನ್ನು ಪರದೇಶಕ್ಕೆ ಬೀಳ್ಕೊಡುವಾಗ ಆ ಸೂತ್ರವನ್ನು ತೆರೆದು ನೋಡುವುದಿಲ್ಲವಾದ್ದರಿಂದ ಹಕ್ಕಿಪಿಕ್ಕಿಗಳಿಗಾಗಿ ಮಾತ್ರ ಅದನ್ನು ತೆರೆಯುವುದು ನ್ಯಾಯವಲ್ಲ. ಈ ಪಕ್ಷಪಾತವನ್ನು ಸ್ವಲ್ಪ ವಿಚಾರಿಸತಕ್ಕದ್ದು. ಅಮೆರಿಕದಲ್ಲಿ ಕೆಲಸಕ್ಕಿರುವ ಮಗಳ ಕೂಸನ್ನು ದಾವಣಗೆರೆಯ ಅಜ್ಜಿ ಎರಡು ವರ್ಷ ಸಾಕಿದರೆ, ಅದು ಮಗಳ ಏಳಿಗೆಯೆಂದೂ ಅಜ್ಜಿಯ ಭಾಗ್ಯವೆಂದೂ ಹೇಳುತ್ತಾರೆ. ಎಣ್ಣೆಯ ಸೀಸೆ ಹೊತ್ತು ಹೋದವಳ ಕೂಸನ್ನು ಗೋಪನಾಳಿನ ಅಜ್ಜಿ ಸಾಕಿದರೆ, ತಾಯಿ ಮಗುವನ್ನು ಬಿಟ್ಟುಹೋದಳೆನ್ನುತ್ತಾರೆ. ಕರ್ಮವು ಒಂದೇ, ಕರ್ತೃವಿನ ಕುಲವೂ ಸಂಬಳವೂ ಬೇರೆ. ಕುಲವನ್ನೂ ಸಂಬಳವನ್ನೂ ನೋಡಿ ಬದಲಾಗುವ ತೀರ್ಪಿಗೆ ಧರ್ಮವಿಚಾರವೆಂಬ ಹೆಸರು ಒಪ್ಪುವುದಿಲ್ಲ.

ಇರಲಿ. ಪೂರ್ವಪಕ್ಷದ ಮುಖ್ಯಭಾಗವು ಹೀಗೆ ತಳ್ಳಿಬಿಡತಕ್ಕದ್ದಲ್ಲ. ಬಿಟ್ಟುಹೋಗುವುದೆಲ್ಲ ಒಂದೇ ಬಗೆಯದೇ ಎಂಬುದನ್ನು ಮೊದಲು ನೋಡಬೇಕು. ಮೇನಕೆಯು ಹೆತ್ತ ಕೂಸನ್ನು ಮಾಲಿನೀತೀರದಲ್ಲಿ ಬಿಟ್ಟು ಸ್ವರ್ಗಕ್ಕೆ ಹಿಂದಿರುಗಿದಳು. ಶಕುಂತಗಳೆಂಬ ಹಕ್ಕಿಗಳು ಸುತ್ತ ನೆರೆದು ಅದನ್ನು ಕಾದುವು. ಆದ್ದರಿಂದಲೇ ಅದಕ್ಕೆ ಶಕುಂತಲೆಯೆಂಬ ಹೆಸರಾಯಿತು. ದೇವಕಿಯೂ ಕೂಸನ್ನು ಬಿಟ್ಟುಕೊಟ್ಟಳು; ಆದರೆ ಕಂಸನ ಕೈಯಿಂದ ಉಳಿಸುವುದಕ್ಕಾಗಿ, ಯಶೋದೆಯ ಮಡಿಲಿಗೆ ಕೊಟ್ಟಳು. ಅಗಲಿಕೆ ಎರಡು ಕಡೆಯೂ ಉಂಟು. ಏತಕ್ಕಾಗಿ ಅಗಲಿದಳು, ಯಾರ ಕೈಗೆ ಒಪ್ಪಿಸಿದಳು ಎಂಬ ಎರಡರಿಂದ ಧರ್ಮಾಧರ್ಮಗಳ ಭೇದ ಹುಟ್ಟುತ್ತದೆ. ಸಾಲವೂ ಹಸಿವೂ ಬಡವನ ಮನೆಯ ಕಂಸರೇ. ಭಾಗವತವನ್ನು ಕೇಳಿದವರು ಯಾರೂ ದೇವಕಿಯನ್ನು ದೂರಿದ್ದಿಲ್ಲ. ಹಾಗಾದರೆ ಚನ್ನಗಿರಿಯ ದೇವಕಿಯ ವಿಷಯದಲ್ಲಿ ಕೇಳತಕ್ಕ ಪ್ರಶ್ನೆಯು ಅವಳೇಕೆ ಹೋದಳೆಂಬುದಷ್ಟೇ ಅಲ್ಲ. ಇಲ್ಲಿ ಯಶೋದೆ ಯಾರೆಂಬುದೂ ಹೌದು.

ಅಲೆಯುವುದು ಆ ಜನರ ಹುಟ್ಟುಗುಣ, ಅದರಿಂದಲೇ ಮಕ್ಕಳು ದಿಕ್ಕಿಲ್ಲದಾಗುತ್ತಾರೆಂಬ ಮಾತೂ ಕೇಳಬರುತ್ತದೆ. ಇದು ವಿಪರೀತಜ್ಞಾನ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪವು ಬಂಜಾರರ ಸಂತ ಸೇವಾಲಾಲರು 1739ರಲ್ಲಿ ಹುಟ್ಟಿದ ಸ್ಥಳವೆಂದು ಪೂಜೆಗೊಳ್ಳುತ್ತಿದೆ. ಆ ಬಂಜಾರರು ಎತ್ತುಗಳ ಮೇಲೆ ಉಪ್ಪು ದವಸಗಳನ್ನು ಹೇರಿಕೊಂಡು ದೇಶದೇಶಗಳನ್ನು ಸುತ್ತಿದವರು. ಅವರ ಸಂಗಡ ಮನೆಯೇ ನಡೆಯುತ್ತಿತ್ತು. ಕೂಸು ತಾಯಿಯ ಬೆನ್ನ ಮೇಲಿರುತ್ತಿತ್ತು. ಹಕ್ಕಿಪಿಕ್ಕಿಗಳ ಗುಡಾರವೂ ಹಾಗೆಯೇ. ಅಲೆದಾಟವು ತಾಯಿಮಕ್ಕಳನ್ನು ಅಗಲಿಸಲಿಲ್ಲ. ಅರ್ಧಕ್ಕೆ ನಿಂತ ನೆಲೆಯು ಅಗಲಿಸಿತು. ನಿವೇಶನವೂ ಶಾಲೆಯೂ ದೊರೆತುವು. ಶಾಲೆಯು ಮಗುವನ್ನು ಊರಿಗೆ ಕಟ್ಟಿತು. ಅದು ಒಳ್ಳೆಯದೇ ಆಯಿತು. ಆದರೆ ತಾಯಿಯನ್ನು ಊರಿನಲ್ಲಿ ನಿಲ್ಲಿಸತಕ್ಕ ಜೀವನೋಪಾಯವು ದೊರೆಯಲಿಲ್ಲ. ಮಳೆ ಕೈಕೊಟ್ಟ ವರ್ಷ ಜಗಳೂರಿನ ಬೆದ್ದಲು ಸೀಮೆಯಿಂದ ಮಕ್ಕಳನ್ನು ಮುದುಕರ ಬಳಿ ಬಿಟ್ಟು ಕಾಫಿಯ ತೋಟಗಳಿಗೆ ಕೂಲಿಗೆ ಹೋಗುವವರ ಕಥೆಯೂ ಇದೇ; ಅಲ್ಲಿ ನಡುವೆ ಕಡಲಿಲ್ಲ, ಅಷ್ಟೆ.

ಪೂರ್ವಪಕ್ಷಕ್ಕೆ ಎಲ್ಲಕ್ಕಿಂತ ದೊಡ್ಡ ಬಲವು 2023ರಲ್ಲಿ ಬಂದಿತು. ಆ ವರ್ಷದ ಏಪ್ರಿಲ್ 15ರಂದು ಸುಡಾನಿನ ಸೈನ್ಯಕ್ಕೂ ಅಲ್ಲಿಯ ಅರೆಸೈನಿಕ ಪಡೆಗೂ ಯುದ್ಧ ಮೊದಲಾಯಿತು. ದಾರ್‌ಫುರ್ ಸೀಮೆಯ ಅಲ್‌ಫಾಶಿರ್ ಪಟ್ಟಣದಲ್ಲಿ ಕರ್ನಾಟಕದ 31 ಮಂದಿ ಹಕ್ಕಿಪಿಕ್ಕಿಗಳು ಸಿಕ್ಕಿಕೊಂಡಿದ್ದಾರೆಂಬ ವರ್ತಮಾನ ಬಂತು; ಅವರಲ್ಲಿ ಹುಣಸೂರು, ಶಿವಮೊಗ್ಗೆ, ಚನ್ನಗಿರಿ ಕಡೆಯವರಿದ್ದರು. ಹೊರಗೆ ಗುಂಡಿನ ಸದ್ದು, ಒಳಗೆ ಅನ್ನ ನೀರುಗಳಿಗೆ ತತ್ವಾರ. ಆ ದಿನಗಳಲ್ಲಿ ಮೊಬೈಲು ಕರೆಗೆ ಉತ್ತರ ಕೊಡದೆ ಸುಮ್ಮನಾದಾಗಲೆಲ್ಲ ಇಲ್ಲಿಯ ಅಜ್ಜಿಯರು ಮಕ್ಕಳಿಗೆ ಏನು ಹೇಳಿರಬೇಕು? ಏಪ್ರಿಲ್ 24ರಂದು ಭಾರತ ಸರ್ಕಾರವು ಕೈಗೊಂಡ ರಕ್ಷಣಾಕಾರ್ಯಕ್ಕೆ ಕಾವೇರಿಯೆಂದೇ ಹೆಸರಾಯಿತು. ಪೋರ್ಟ್ ಸುಡಾನಿನಿಂದ ಹಡಗು ವಿಮಾನಗಳಲ್ಲಿ ಜಿದ್ದಾ ನಗರಕ್ಕೂ ಅಲ್ಲಿಂದ ಸ್ವದೇಶಕ್ಕೂ ಜನರನ್ನು ತಂದರು. ಹಕ್ಕಿಪಿಕ್ಕಿಗಳು ಮನೆ ಸೇರಿದರು. ಅವರಿಂದ ಎಣ್ಣೆ ಕೊಂಡಿದ್ದ ಅಲ್‌ಫಾಶಿರಿನ ತಾಯಂದಿರಿಗಾಗಿ ಹಡಗು ಬರಲಿಲ್ಲ. ಆ ಪಟ್ಟಣವು ಒಂದು ವರ್ಷಕ್ಕೂ ಮಿಕ್ಕಿ ಮುತ್ತಿಗೆಯಲ್ಲಿ ಬಳಲಿ 2025ರ ಅಕ್ಟೋಬರಿನಲ್ಲಿ ಅರೆಸೈನಿಕರ ಕೈವಶವಾಯಿತು. ಮನೆಯಲ್ಲಿಯೇ, ಮಕ್ಕಳ ಬಳಿಯಲ್ಲಿಯೇ ಇದ್ದ ತಾಯಂದಿರು ಅವರು. ಬಳಿಯಲ್ಲಿರುವುದೊಂದೇ ಮಗುವನ್ನು ಕಾಯಲಾರದೆಂಬುದಕ್ಕೆ ಇದಕ್ಕಿಂತ ದಾರುಣವಾದ ನಿದರ್ಶನ ಬೇಕಿಲ್ಲ.

ಹಾಗಾದರೆ ಸಿದ್ಧಾಂತವೇನು? ಮಗುವಿಗೆ ಅನ್ನವನ್ನೂ ಕೊಡಬೇಕು, ಸನ್ನಿಧಿಯನ್ನೂ ಕೊಡಬೇಕು. ಎರಡೂ ತಾಯ್ತಂದೆಗಳ ಧರ್ಮವೇ. ಎರಡೂ ಏಕಕಾಲದಲ್ಲಿ ನಡೆಯದಂಥ ಸ್ಥಿತಿ ಬಂದಾಗ ಒಂದನ್ನು ಆರಿಸಿಕೊಂಡವಳು ಅಧರ್ಮಿಯಲ್ಲ. ಆದರೆ ನಡೆಯದೆ ಉಳಿದ ಧರ್ಮವು ಅಳಿಸಿಹೋಗುವುದಿಲ್ಲ. ಅದು ಋಣವಾಗಿ ನಿಲ್ಲುತ್ತದೆ. ದೇವಋಣ, ಋಷಿಋಣ, ಪಿತೃಋಣಗಳನ್ನು ಎಣಿಸಿದ ಹಿರಿಯರು ಮಗುವಿಗೆ ಸಲ್ಲತಕ್ಕ ಋಣವನ್ನು ಬೇರೆಯಾಗಿ ಎಣಿಸಲಿಲ್ಲ. ತಾಯಿಗೆ ಮಾತ್ರ ಅದರ ಲೆಕ್ಕ ಗೊತ್ತು. ಕಳುಹಿದ ಹಣದಿಂದ ಅದು ತೀರಿತೆಂದು ಆಕೆಗೆ ಸಮಾಧಾನ ಹೇಳುವುದು ಸುಳ್ಳು. ಹೋದದ್ದೇ ಪಾಪವೆಂದು ಹಂಗಿಸುವುದು ಅದಕ್ಕಿಂತ ದೊಡ್ಡ ಸುಳ್ಳು.

ಈ ಋಣದಲ್ಲಿ ಉಳಿದವರಿಗೂ ಪಾಲುಂಟು. ಜ್ವರದ ಹಣೆಯ ಮೇಲೆ ಕೈಯಿಡುವ ಅಜ್ಜಿ, ಶಾಲೆಗೆ ಬಾರದ ಮಗುವಿನ ಮನೆಗೆ ಹೋಗಿ ವಿಚಾರಿಸುವ ಉಪಾಧ್ಯಾಯ, ಪಕ್ಕದ ಮನೆಯ ಹೆಂಗಸು, ಇವರೆಲ್ಲರೂ ಯಶೋದೆಯರಾಗತಕ್ಕವರು. ಹಕ್ಕಿಗಳು ಶಕುಂತಲೆಯನ್ನು ಕಾಯುವಾಗ ಅದರ ತಾಯಿ ಎಂಥವಳೆಂದು ವಿಚಾರಿಸಲಿಲ್ಲ. ಮನುಷ್ಯರು ಅಷ್ಟನ್ನಾದರೂ ಮಾಡಬಹುದು.

ಬಹುದಿನಗಳ ಮೇಲೆ ತಾಯಿ ಹಿಂದಿರುಗಿದ ದಿನ ಚಿಕ್ಕ ಕೂಸು ಅಜ್ಜಿಯ ಸೆರಗಿನ ಹಿಂದೆ ಅವಿತುಕೊಂಡು ಇಣಿಕಿ ನೋಡುವುದುಂಟು. ಆಗ ಅಜ್ಜಿಯು ಕೂಸನ್ನು ಮುಂದಕ್ಕೆ ನೂಕುವುದಿಲ್ಲ, ತಾಯಿಯೂ ಎಳೆದುಕೊಳ್ಳುವುದಿಲ್ಲ. ಎಣ್ಣೆಯ ಬಟ್ಟಲನ್ನೂ ಬಾಚಣಿಗೆಯನ್ನೂ ಅಜ್ಜಿಯು ತಾಯಿಯ ಬಳಿಗೆ ಸರಿಸಿ, ತಾನು ಎದ್ದು ಒಲೆಯ ಕಡೆಗೆ ಹೋದರೆ ಸಾಕು. ಋಣವು ತೀರತೊಡಗುವುದು ಹಾಗೆ.