ಮೈಮೇಲೆ ಬಂದ ಕೀಯರ್

ಮೇಜಿನ ಮೇಲಿದ್ದಾಗ ಅದರಷ್ಟು ಸಾಧು ಇನ್ನೊಂದಿಲ್ಲ. ಹವ್ಯಾಸಿಗಳ ಹ್ಯಾಮ್ ರೇಡಿಯೋಗೆಂದು ನಾನೇ ಕಟ್ಟಿದ, ಮೋರ್ಸ್ ಸಂಕೇತ ಹೊಡೆಯುವ ಕೀಯರ್. ಗರಗಸದ ಬ್ಲೇಡಿನ ಎರಡು ತುಂಡುಗಳೇ ಅದರ ಪ್ಯಾಡಲ್. ಹೆಬ್ಬೆರಳು ತಾಗಿಸಿದರೆ ಡಿಟ್ ಎಂಬ ಗಿಡ್ಡ ಸದ್ದು, ತೋರುಬೆರಳು ತಾಗಿಸಿದರೆ ಡಾ ಎಂಬ ಉದ್ದ ಸದ್ದು. ನಿಮಿಷಕ್ಕೆ 20 ಪದದ ವೇಗವಿಟ್ಟರೆ ಡಿಟ್‌ಗೆ 60 ಮಿಲಿಸೆಕೆಂಡು, ಡಾಗೆ ಅದರ ಮೂರರಷ್ಟು. ಆ ಲೆಕ್ಕವೆಲ್ಲ ಒಳಗಿನ ಪುಟ್ಟ ಚಿಪ್ಪಿನದು. "ತಂತಿ ಆಫೀಸೇ ಮುಚ್ಚಿತು, ನಿಮಗೊಬ್ಬರಿಗೆ ಯಾಕ್ರೀ ಈ ಕುಂಯ್ ಕುಂಯ್?" ಎಂದಳು ಹೆಂಡತಿ. ತಂತಿ ಸೇವೆ 2013ರಲ್ಲೇ ನಿಂತದ್ದು ನಿಜ. ವಾದಕ್ಕಿಳಿಯದೆ ಮರುದಿನ ಕೀಯರನ್ನು ಟ್ರಾನ್ಸ್‌ಮಿಟರಿಗೆ ಜೋಡಿಸಿದೆ.

ಆಗ ಅದಕ್ಕೆ ಮೈಮೇಲೆ ಬಂತು. ಒಂದು ಡಿಟ್ ಕೇಳಿದರೆ ಹತ್ತು ಕೊಡುತ್ತದೆ. ಬೆರಳು ತೆಗೆದರೂ ನಿಲ್ಲದು.

ಮೊದಲ ಗುಮಾನಿ ಪ್ರೋಗ್ರಾಮಿನ ಮೇಲೆ. ಬ್ಲೇಡು ತಾಗುವಾಗ ಅದುರುತ್ತದೆಂದು 5 ಮಿಲಿಸೆಕೆಂಡು ಕಾಯುವಂತೆ ಬರೆದಿದ್ದೆ, ಅದನ್ನು 10 ಮಾಡಿದೆ. ಬೆಸುಗೆಗಳನ್ನೆಲ್ಲ ಮತ್ತೊಮ್ಮೆ ಕಾಯಿಸಿದೆ. ಒಂದು ಸಂಜೆ ದಂಡ. ಕೊನೆಗೆ ಆಂಟೆನಾ ಬಿಚ್ಚಿ, ಶಕ್ತಿಯನ್ನೆಲ್ಲ ಶಾಖವಾಗಿ ನುಂಗುವ ಡಮ್ಮಿ ಲೋಡ್ ಹಾಕಿದೆ. ಕೀಯರ್ ತೆಪ್ಪಗಾಯಿತು. ಆಂಟೆನಾ ಮತ್ತೆ ಹಾಕಿ 5 ವಾಟಿನಲ್ಲಿ ನೋಡಿದೆ, ಆಗಲೂ ಸರಿ. 50ಕ್ಕೇರಿಸಿದ್ದೇ ತಡ, ಕುಣಿತ ಶುರು.

ಪ್ಯಾಡಲ್‌ನಿಂದ ಪೆಟ್ಟಿಗೆಗೆ ಬರುವ ಮೀಟರುದ್ದದ ವೈರು ತಾನೂ ಒಂದು ಆಂಟೆನಾ ಆಗಿಬಿಟ್ಟಿತ್ತು. ನಾನೇ ಬಿಟ್ಟ 7 ಮೆಗಾಹರ್ಟ್ಸ್ ಅಲೆ ಅದರೊಳಗೆ ನುಗ್ಗಿ, ಬೆರಳು ಒತ್ತಿತೆಂದು ಚಿಪ್ಪನ್ನು ನಂಬಿಸುತ್ತಿತ್ತು. ಚಿಪ್ಪು ಡಿಟ್ ಕಳಿಸಿದರೆ ಆ ಡಿಟ್ಟಿನ ಅಲೆ ಮತ್ತೆ ಒಳಕ್ಕೆ. ಮದ್ದು ಕಡಲೆಬೇಳೆಯಷ್ಟೇ: '103' ಎಂದು ಅಚ್ಚಾಗಿರುವ ಎರಡು ಸೆರಾಮಿಕ್ ಕೆಪಾಸಿಟರ್, ಅಂದರೆ 0.01 ಮೈಕ್ರೋಫ್ಯಾರಡ್. ರೇಡಿಯೋ ಅಲೆಗೆ ಅದು ಒಡ್ಡುವ ಅಡ್ಡಿ ಎರಡು ಮೂರು ಓಮ್, ಹಾಗಾಗಿ ಅಲೆ ಚಿಪ್ಪಿನ ತಂಟೆಗೆ ಹೋಗದೆ ನೇರ ಗ್ರೌಂಡಿಗಿಳಿಯುತ್ತದೆ. ಬೆರಳಿನ ನಿಧಾನಕ್ಕೆ ಅದು ಇದ್ದೂ ಇಲ್ಲದಂತೆ. ವೈರು ಒಳಬರುವ ಜಾಗದಲ್ಲೇ, ಕಾಲು ಗಿಡ್ಡ ಮಾಡಿ ಬೆಸೆದೆ. 50 ವಾಟಿಗೂ ಜಗ್ಗಲಿಲ್ಲ.

ಇನ್ನುಳಿದದ್ದು ನನ್ನ ಬೆರಳಿನ ದೋಷ. ಅಕ್ಷರದೊಳಗಿನ ಅಂತರವನ್ನು ಕೀಯರ್ ಕಾಯುತ್ತದೆ. ಅಕ್ಷರ ಮುಗಿದ ಮೇಲೆ ಮೂರು ಡಿಟ್ಟಿನಷ್ಟು ಬಿಡುವು ಕೊಡಬೇಕಾದವನು ನಾನು. ಮೊದಲ ಸಂಪರ್ಕದಲ್ಲೇ 'ನೇಮ್' ಎಂದು ಹೊಡೆಯುವಾಗ ಅವಸರಕ್ಕೆ ಎ, ಎಂ ಎರಡೂ ಅಂಟಿಕೊಂಡವು. ಡಿಟ್-ಡಾಗೆ ಡಾ-ಡಾ ಸೇರಿದರೆ ಜೆ. ಆ ಕಡೆಯವರಿಗೆ ಮುಟ್ಟಿದ್ದು 'ಎನ್ ಜೆ ಇ'. ಹಳೆಯ ಕೈಕೀಲಿಯಲ್ಲಾದರೆ ಎಲ್ಲವೂ ಅಷ್ಟಿಷ್ಟು ಸೊಟ್ಟಗೇ ಇರುತ್ತಿತ್ತು, ಕೇಳುವವರು ಸರಿಮಾಡಿಕೊಂಡು ಓದುತ್ತಿದ್ದರು. ಇದೋ ತಪ್ಪನ್ನೂ ಅಚ್ಚುಕಟ್ಟಾಗಿ ಕಳಿಸುತ್ತದೆ.

ಉತ್ತರವಾಗಿ ಬಂದದ್ದು ಒಂದೇ ಒಂದು ಪ್ರಶ್ನಾರ್ಥಕ ಚಿಹ್ನೆ. ವೇಗದ ಗುಂಡಿಯನ್ನು 15ಕ್ಕೆ ತಿರುಗಿಸಿ, ಮತ್ತೆ ಎನ್‌ನಿಂದ ಶುರು ಮಾಡಿದೆ.