ನೋವೆಂಬ ಕಾವಲುಗಾರನು



ಮೈಯಲ್ಲಿ ನೋವು ಕಾಣಿಸಿದಾಗ ನಾವು ಗುಣುಗುಟ್ಟುತ್ತೇವೆ. ನೋವೇ ಇಲ್ಲದಿದ್ದರೆ ಎಷ್ಟು ಸುಖವಾಗಿರುತ್ತಿತ್ತೆಂದು ನೆನಸುತ್ತೇವೆ. ಆದರೆ ನೋವನ್ನು ಅರಿಯದ ದೇಹದ ಗತಿ ಏನಾಗುವದೆಂಬದನ್ನು ಈ ತಿಂಗಳು ವಿಚಾರಿಸೋಣ.

ನಮ್ಮ ತಲೆಬುರುಡೆಯೊಳಗೆ ಸುಮಾರು 1.4 ಕಿಲೋ ತೂಕದ ಮಿದುಳು ಇದೆ. ಅದರಿಂದ ಒಂದು ಹುರಿಯು ಬೆನ್ನೆಲುಬಿನೊಳಗೆ ಇಳಿಯುತ್ತದೆ. ಆ ಬೆನ್ನುಹುರಿಯಿಂದ 31 ಜೊತೆ ನರಗಳು ಹೊರಟು, ಕವಲೊಡೆದು, ಕೈಕಾಲುಗಳ ತುದಿಯ ವರೆಗೂ ಹಬ್ಬಿವೆ. ಇವು ಓಲೆಕಾರರ ಹಾಗೆ. ಕೆಲವು ಚರ್ಮದ ಸುದ್ದಿಯನ್ನು ಮಿದುಳಿಗೆ ಒಯ್ಯುತ್ತವೆ. ಕೆಲವು ಮಿದುಳಿನ ಅಪ್ಪಣೆಯನ್ನು ಸ್ನಾಯುಗಳಿಗೆ ತರುತ್ತವೆ. ಒಲೆಯ ಮೇಲಿನ ಕಾದ ಪಾತ್ರೆಗೆ ಬೆರಳು ತಗಲಿತೆಂದು ತಿಳಿಯಿರಿ. ಸುದ್ದಿಯು ಬೆನ್ನುಹುರಿಗೆ ಮುಟ್ಟಿದ ಕೂಡಲೇ ಅಲ್ಲಿಂದಲೇ ಅಪ್ಪಣೆ ಹೊರಟು ಕೈ ಹಿಂದಕ್ಕೆ ಸರಿಯುತ್ತದೆ. ಉರಿಯೆಂಬದು ಮಿದುಳಿಗೆ ತಿಳಿಯುವದು ಅದರ ತರುವಾಯವೇ. ಇನ್ನೊಂದು ಆಶ್ಚರ್ಯವುಂಟು: ದೇಹದ ನೋವನ್ನೆಲ್ಲಾ ಅರಿಯುವ ಮಿದುಳಿಗೆ ತನ್ನ ಸ್ವಂತ ಮಾಂಸದಲ್ಲಿ ನೋವು ತಿಳಿಯುವದಿಲ್ಲ. ಅದು ನೋಯುವದೆಲ್ಲಾ ಇತರ ಭಾಗಗಳಿಗೋಸ್ಕರವೇ.

ಈ ಓಲೆಕಾರರು ಸತ್ತುಹೋದರೆ ಏನಾಗುವದು? ಕುಷ್ಠರೋಗದಲ್ಲಿ ಹಾಗೆಯೇ ಆಗುತ್ತದೆ. ನಾರ್ವೆ ದೇಶದ ವೈದ್ಯನಾದ ಹಾನ್ಸೆನ್ ಎಂಬವನು 1873ರಲ್ಲಿ ಈ ರೋಗದ ಸೂಕ್ಷ್ಮಾಣುವನ್ನು ಕಂಡುಹಿಡಿದನು. ಅದು ಚರ್ಮದಲ್ಲಿಯೂ ನರಗಳಲ್ಲಿಯೂ ನೆಲೆಗೊಂಡು ಸ್ಪರ್ಶದ ಅರಿವನ್ನು ಮೆಲ್ಲಮೆಲ್ಲನೆ ಅಳಿಸಿಬಿಡುತ್ತದೆ. ರೋಗಿಯ ಬೆರಳುಗಳು ತಾವಾಗಿಯೇ ಕೊಳೆತು ಬೀಳುತ್ತವೆಂದು ಜನರು ಬಹುಕಾಲ ನಂಬಿದ್ದರು.

ಈ ನಂಬಿಕೆ ಸುಳ್ಳೆಂದು ತೋರಿಸಿದವರಲ್ಲಿ ಪಾಲ್ ಬ್ರಾಂಡ್ ಮುಖ್ಯನು. 1914ರಲ್ಲಿ ತಮಿಳು ಸೀಮೆಯ ಕೊಲ್ಲಿಮಲೆಯಲ್ಲಿ ಹುಟ್ಟಿದ ಈ ಶಸ್ತ್ರವೈದ್ಯನು 1946ರಲ್ಲಿ ವೇಲೂರಿನ ಕ್ರೈಸ್ತ ವೈದ್ಯಕಾಲೇಜಿಗೆ ಬಂದನು. ರೋಗಿಗಳ ಕೈಗಳನ್ನು ತಾಳ್ಮೆಯಿಂದ ಪರೀಕ್ಷಿಸಿದಾಗ ಅವನಿಗೆ ಕಂಡದ್ದೇನು? ಅರಿವಿಲ್ಲದ ಕೈ ಕೆಂಡವನ್ನು ಹಿಡಿದರೂ ಬಿಡುವದಿಲ್ಲ. ಅರಿವಿಲ್ಲದ ಕಾಲು ಮುಳ್ಳಿನ ಮೇಲೆಯೇ ನಡೆಯುತ್ತದೆ. ಗಾಯವು ಬಲಿತು, ಕೀವಾಗಿ, ಎಲುಬು ಸವೆಯುತ್ತದೆ. ರಾತ್ರಿ ಇಲಿಗಳು ಬೆರಳನ್ನು ಕಡಿದರೂ ಮಲಗಿದವರು ಏಳುತ್ತಿರಲಿಲ್ಲ. ಆದಕಾರಣ ರೋಗಿಗಳಿಗೆ ಬೆಕ್ಕುಗಳನ್ನು ಕೊಡಬೇಕಾಯಿತು. ಬ್ರಾಂಡನು ಬಲವುಳ್ಳ ಸ್ನಾಯುವಿನ ನಾರನ್ನು ಬೇರೆ ಕಡೆಗೆ ಜೋಡಿಸಿ, ಮುರುಟಿದ ಬೆರಳುಗಳು ಮತ್ತೆ ಕೆಲಸಮಾಡುವಂತೆ ಮಾಡಿದನು. ಕಳೆದುಹೋದ ಅರಿವನ್ನಾದರೋ ಶಸ್ತ್ರವೈದ್ಯದಿಂದ ಹಿಂದಕ್ಕೆ ತರಲಾಗಲಿಲ್ಲ.

ಪ್ರಿಯರೇ, ಅಪೊಸ್ತಲನಾದ ಪೌಲನು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರಿಕೆಯ 12ನೆಯ ಅಧ್ಯಾಯದಲ್ಲಿ ಸಭೆಯನ್ನು ದೇಹಕ್ಕೆ ಹೋಲಿಸಿದ್ದಾನೆ. ಹೀಗಿರುವಲ್ಲಿ ನಮ್ಮ ಸಭೆಯ ನರಗಳು ಜೀವದಿಂದಿವೆಯೋ ಎಂದು ನಾವು ಕೇಳಿಕೊಳ್ಳಬಾರದೇ? ಒಬ್ಬ ವಿಧವೆಯ ಮನೆಯಲ್ಲಿ ಒಲೆ ಉರಿಯದಿರುವಾಗ ಪಕ್ಕದ ಮನೆಗೆ ಅದು ತಿಳಿಯದಿದ್ದರೆ, ನಾವು ಸುಖವಾಗಿದ್ದೇವೆಂದು ಹೇಳಲಾದೀತೇ? ಅದು ಸುಖವಲ್ಲ, ಮರಗಟ್ಟುವಿಕೆ. ಮರಗಟ್ಟಿದ ಅಂಗವು ತನಗಾಗುವ ಹಾನಿಯನ್ನು ತಾನೇ ಅರಿಯದು.

ಈಗ ಮೈಯ ವಿಷಯವಾಗಿಯೂ ಒಂದು ಮಾತನ್ನು ಬಿಚ್ಚಿ ಹೇಳುತ್ತೇವೆ. ನಿಮ್ಮ ಮೈಮೇಲಾಗಲಿ ಮಕ್ಕಳ ಮೈಮೇಲಾಗಲಿ ಬಣ್ಣಗೆಟ್ಟ ಮಚ್ಚೆಯಿದ್ದು, ಅಲ್ಲಿ ಮುಟ್ಟಿದ್ದು ತಿಳಿಯದಿದ್ದರೆ, ನಾಚಿಕೆಯಿಂದ ಬಟ್ಟೆಯೊಳಗೆ ಮರೆಮಾಡಬೇಡಿರಿ. ನೋವಿಲ್ಲವಲ್ಲಾ ಎಂದು ಸುಮ್ಮನಿರಬೇಡಿರಿ. ನೋವಿಲ್ಲದಿರುವದೇ ಅಲ್ಲಿಯ ಅಪಾಯ. ಹಲವು ಔಷಧಗಳನ್ನು ಕೂಡಿಸಿ ಕೊಡುವ ಕ್ರಮವನ್ನು ವಿಶ್ವ ಆರೋಗ್ಯ ಸಂಸ್ಥೆಯು 1981ರಲ್ಲಿ ಶಿಫಾರಸು ಮಾಡಿತು. ಸರಕಾರಿ ಆರೋಗ್ಯಕೇಂದ್ರದಲ್ಲಿ ಅದು ಬಿಟ್ಟಿಯಾಗಿ ದೊರೆಯುತ್ತದೆ. ರೋಗದ ಬಗೆಗೆ ತಕ್ಕಂತೆ 6 ಇಲ್ಲವೆ 12 ತಿಂಗಳು ತಪ್ಪದೆ ನುಂಗಬೇಕು. ಔಷಧ ಆರಂಭಿಸಿದ ಸ್ವಲ್ಪ ಕಾಲದೊಳಗೇ ರೋಗವು ಇತರರಿಗೆ ಹರಡುವದು ನಿಲ್ಲುತ್ತದೆ. ನರಗಳು ಕೆಡುವದಕ್ಕೆ ಮುಂಚೆ ಹೋದವರ ಕೈಕಾಲುಗಳು ಉಳಿಯುತ್ತವೆ.

ಗಂಡನಾಗಲಿ ಹೆಂಡತಿಯಾಗಲಿ ಈ ರೋಗದ ನೆವದಿಂದ ವಿವಾಹವನ್ನು ಮುರಿಯುವದಕ್ಕೆ ನಮ್ಮ ದೇಶದ ಕಾಯಿದೆಗಳಲ್ಲಿ ಮೊದಲು ಆಸ್ಪದವಿತ್ತು. 2019ರಲ್ಲಿ ಆ ಮಾತನ್ನು ತೆಗೆದುಹಾಕಿದರು. ಕ್ರೈಸ್ತರಿಗೆ ಸಂಬಂಧಪಟ್ಟ 1869ರ ಕಾಯಿದೆಯಿಂದಲೂ ತೆಗೆದರು. ಕಾಯಿದೆಯು ಬಿಟ್ಟ ಹಗೆಯನ್ನು ಸಭೆಯು ಹಿಡಿದುಕೊಳ್ಳಬಹುದೋ? ನಮ್ಮ ಕರ್ತನು ಕುಷ್ಠರೋಗಿಯೆನಿಸಿಕೊಂಡವನನ್ನು ದೂರದಿಂದ ಮಾತಿನಿಂದಲೇ ಗುಣಪಡಿಸಬಹುದಾಗಿತ್ತು; ಆದರೂ ಕೈಚಾಚಿ ಮುಟ್ಟಿದನು.

ಆದಕಾರಣ ಬರುವ ಭಾನುವಾರ ಸಭೆಯು ಕೂಡಿದಾಗ, ಯಾರು ಬರಲಿಲ್ಲವೆಂದು ಸುತ್ತಲೂ ನೋಡಿರಿ. ಬಾರದವರ ಮನೆಗೆ ಹೋಗಿ ಒಟ್ಟಿಗೆ ಕುಳಿತು ಉಣ್ಣಿರಿ. ನಮಗೆ ನೋವನ್ನು ಅರಿಯುವ ಮೈಯನ್ನು ಕೊಟ್ಟ ದೇವರು ಅದನ್ನು ಅರಿಯುವ ಮನಸ್ಸನ್ನೂ ನಮಗೆ ಅನುಗ್ರಹಿಸಲಿ. ಆಮೆನ್.