ಹದಿನೆಂಟು ತಿಂಗಳ ಅತಿಥಿ

‘ಅತಿಥಿ’ ಎಂಬ ಶಬ್ದ ಪಾಠದಲ್ಲಿ ಬಂದಾಗ ನಾನು ಅದನ್ನು ಬಿಡಿಸಿ ಹೇಳುವುದುಂಟು. ತಿಥಿ ಇಲ್ಲದವನು, ಎಂದರೆ ದಿನ ಗೊತ್ತುಮಾಡಿಕೊಳ್ಳದೆ ಬಂದವನು ಅತಿಥಿ. “ಹಾಗಾದರೆ ಹೋಗುವ ದಿನ ಟೀಚರ್?” ಎಂದು ಹಿಂದಿನ ಬೆಂಚಿನಿಂದ ಯಾರಾದರೂ ಕೇಳದೆ ಇರುವುದಿಲ್ಲ. ಶಬ್ದ ಆ ವಿಷಯದಲ್ಲಿ ಮೌನವಾಗಿದೆ. ಮನುಸ್ಮೃತಿ ಮಾತ್ರ ಒಂದು ರಾತ್ರಿ ತಂಗುವವನೇ ಅತಿಥಿ ಎನ್ನುತ್ತದೆ. ಬಂದವನಿಗೆ ಅನ್ನ ಹಾಕಿ ಎಂದವರೂ ಅವನು ಎಷ್ಟು ದಿನ ಇರಬಹುದು ಎಂಬ ಲೆಕ್ಕವನ್ನು ಮರೆತಿರಲಿಲ್ಲ.

ಈ ಲೆಕ್ಕ ನನ್ನನ್ನು ಕಾಡತೊಡಗಿದ್ದು ನನ್ನ ಅಕ್ಕನ ಮಗನಿಂದ. ಸರ್ಕಾರಿ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿ, ಇಂಜಿನಿಯರಿಂಗ್ ಮುಗಿಸಿದ ಹುಡುಗ. 2023ರಲ್ಲಿ ಎಂ.ಎಸ್. ಓದಲು ಜರ್ಮನಿಗೆ ಹೋದ. ಅಲ್ಲಿನ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಹೊರದೇಶದವರಿಗೂ ಬೋಧನಾ ಶುಲ್ಕವಿಲ್ಲ. ಆದರೆ ಒಂದು ವರ್ಷದ ಊಟ ವಸತಿಗೆಂದು 11,208 ಯೂರೋ, ಅಂದರೆ ಸುಮಾರು 10 ಲಕ್ಷ ರೂಪಾಯಿ, ಖಾತೆಯಲ್ಲಿ ಇಟ್ಟು ತೋರಿಸಬೇಕಿತ್ತು. ಅಕ್ಕ ಭಾವ ಬ್ಯಾಂಕಿನಲ್ಲಿ ಸಾಲ ಮಾಡಿದರು. ಓದು ಮುಗಿಯಿತು. ಈಗ ಅವನ ಕೈಯಲ್ಲಿರುವುದು ಕೆಲಸ ಹುಡುಕಲು ಕೊಟ್ಟ 18 ತಿಂಗಳ ಅನುಮತಿ. ಅಷ್ಟರಲ್ಲಿ ಹೊಟ್ಟೆಪಾಡಿಗೆ ಹೋಟೆಲಿನಲ್ಲಿ ತಟ್ಟೆ ತೊಳೆದರೂ ಅಡ್ಡಿಯಿಲ್ಲ. ಮುಂದೆಯೂ ಉಳಿಯಬೇಕಾದರೆ ಓದಿದವರು ಮಾಡುವಂಥ ಕೆಲಸವೇ ಸಿಕ್ಕಬೇಕು. “ಚಿಕ್ಕಮ್ಮಾ, ಇಲ್ಲಿ ನನ್ನ ಕ್ಯಾಲೆಂಡರು ಹಿಂದುಮುಂದಾಗಿ ಓಡುತ್ತೆ. ಎಷ್ಟು ದಿನ ಆಯ್ತು ಅಂತ ಅಲ್ಲ, ಎಷ್ಟು ಉಳೀತು ಅಂತ ನೋಡ್ತೀನಿ” ಎಂದ ಒಮ್ಮೆ ಫೋನಿನಲ್ಲಿ.

ಹೀಗೆ ದಿನ ಎಣಿಸುವುದು ಜರ್ಮನಿಯೊಂದೇ ಅಲ್ಲ. ಅಮೆರಿಕ ಪದವಿ ಮುಗಿಸಿದವರಿಗೆ 12 ತಿಂಗಳು ಕೊಡುತ್ತದೆ, ವಿಜ್ಞಾನ ತಂತ್ರಜ್ಞಾನ ಓದಿದವರಿಗೆ ಇನ್ನೂ 24 ತಿಂಗಳು. ಆದರೆ ಮೊದಲ 12 ತಿಂಗಳಲ್ಲಿ ಕೆಲಸವಿಲ್ಲದ ದಿನಗಳು ಒಟ್ಟು 90 ದಾಟಬಾರದು. ಇದು ಕ್ರೌರ್ಯವೇ? ಮೊದಲ ಯೋಚನೆಗೆ ಹೌದೆನ್ನಿಸುತ್ತದೆ. ನನಗೆ ಹಾಗೆ ಅನ್ನಿಸುವುದಿಲ್ಲ.

ಜರ್ಮನಿಯವನೇ ಆದ ತತ್ತ್ವಜ್ಞಾನಿ ಕಾಂಟ್ 1795ರಲ್ಲಿ ಶಾಶ್ವತ ಶಾಂತಿಯ ಬಗ್ಗೆ ಬರೆದ ಪ್ರಬಂಧದಲ್ಲಿ ಈ ಪ್ರಶ್ನೆಯನ್ನು ಎತ್ತಿಕೊಂಡಿದ್ದಾನೆ. ಭೂಮಿ ಗುಂಡಗಿದೆ, ಮನುಷ್ಯರು ಒಬ್ಬರಿಂದೊಬ್ಬರು ಕೊನೆಯಿಲ್ಲದಷ್ಟು ದೂರ ಹೋಗಲಾರರು, ಆದ್ದರಿಂದ ಒಬ್ಬರನ್ನೊಬ್ಬರು ಸಹಿಸಲೇಬೇಕು. ಪರನಾಡಿಗೆ ಬಂದವನನ್ನು ಶತ್ರುವಿನಂತೆ ಕಾಣಬಾರದು, ಅದು ಅವನ ಹಕ್ಕು. ಆದರೆ ಆ ಹಕ್ಕು ಭೇಟಿಯದು ಮಾತ್ರ. ಮನೆಯವನಂತೆ ಉಳಿಯಲು ಬೇರೆಯೇ ಒಪ್ಪಂದ ಬೇಕು ಎನ್ನುತ್ತಾನೆ. ಒಂದು ನಾಡಿನ ಜನ ಯಾರು ನಮ್ಮೊಡನೆ ಬಾಳಬೇಕೆಂದು ಯೋಚಿಸುವುದು ತಪ್ಪೆಂದು ನನಗೂ ತೋರುವುದಿಲ್ಲ. ಹೇಳಿದ ತಾರೀಖು ಹೇಳದ ಅಸಮಾಧಾನಕ್ಕಿಂತ ಎಷ್ಟೋ ಮೇಲು. ಮೂರನೆಯ ದಿನ ಕಾಫಿ ತಣ್ಣಗೆ ಬರತೊಡಗಿತೆಂದರೆ ನಾವು ನೆಂಟರು ಅರ್ಥಮಾಡಿಕೊಳ್ಳುವುದಿಲ್ಲವೇ?

ಹಾಗಾದರೆ ತಪ್ಪು ಎಲ್ಲಿ ಶುರುವಾಗುತ್ತದೆ? ಕೊಟ್ಟ ತಾರೀಖನ್ನು ನಡುವೆಯೇ ಬದಲಿಸುವಲ್ಲಿ ಎಂಬುದು ಒಂದು ಉತ್ತರ. ಬ್ರಿಟನ್ನಿನ ಉದಾಹರಣೆ ನೋಡಿ. ಓದಿದ ಮೇಲೆ ಕೆಲಸಕ್ಕೆಂದು ಇದ್ದ ವೀಸಾವನ್ನು 2012ರಲ್ಲಿ ನಿಲ್ಲಿಸಿದರು. 2021ರ ಜುಲೈನಲ್ಲಿ ಎರಡು ವರ್ಷದ ಇನ್ನೊಂದನ್ನು ತೆರೆದರು. 2027ರ ಜನವರಿ 1ರಿಂದ ಅರ್ಜಿ ಹಾಕುವವರಿಗೆ, ಡಾಕ್ಟರೇಟ್ ಮಾಡಿದವರನ್ನು ಬಿಟ್ಟು, 18 ತಿಂಗಳೆಂದು 2025ರಲ್ಲಿ ನಿಯಮ ಮಾಡಿದರು. 2024ರಲ್ಲಿ ಮೂರು ವರ್ಷದ ಪದವಿಗೆ ಸೇರಿದ ಹುಡುಗಿ ಎರಡು ವರ್ಷ ಸಿಗುತ್ತದೆಂದು ನಂಬಿ ಹಣ ಕಟ್ಟಿದ್ದಳು. ಪರೀಕ್ಷೆ ಬರೆಯುತ್ತಿರುವಾಗ ಗಡಿಯಾರದ ಮುಳ್ಳನ್ನು ಮುಂದೆ ತಿರುಗಿಸುವ ಮೇಲ್ವಿಚಾರಕರನ್ನು ನಾವು ಒಪ್ಪುತ್ತೇವೆಯೇ?

ಎರಡನೆಯ ತಪ್ಪು ಇನ್ನೂ ಆಳದ್ದು. ‘ನೀನು ನಮಗೆ ಬೇಕೇ?’ ಎಂಬ ಪ್ರಶ್ನೆ ಮೆಲ್ಲಗೆ ‘ನೀನು ಯಾವುದಕ್ಕಾದರೂ ಬೇಕಾದವನೇ?’ ಎಂದಾಗಿಬಿಡುತ್ತದೆ. ಮೊದಲನೆಯದು ಕೆಲಸ ಕೊಡುವವರ ಅಗತ್ಯದ ಮಾತು. ಎರಡನೆಯದು ಮನುಷ್ಯನ ಬೆಲೆಯ ಮಾತು. ಮಾರುಕಟ್ಟೆ ಬಿದ್ದ ವರ್ಷದಲ್ಲಿ ಪದವಿ ಮುಗಿಸಿದವನು ಹಿಂದಿನ ವರ್ಷ ಮುಗಿಸಿದವನಿಗಿಂತ ಕೀಳೇನಲ್ಲ. ಆದರೂ ಮುನ್ನೂರನೆಯ ಅರ್ಜಿಗೆ ವಿಷಾದದ ಪತ್ರ ಬಂದಾಗ ಈ ಎರಡನ್ನೂ ಬೇರೆ ಮಾಡಿ ನೋಡುವ ಶಕ್ತಿ ಇಪ್ಪತ್ತಾರರ ಹುಡುಗನಲ್ಲಿ ಉಳಿದಿರುವುದಿಲ್ಲ.

ಇದನ್ನು ಪರದೇಶದವರ ದೋಷವೆಂದು ಹೇಳಿ ಕೈತೊಳೆದುಕೊಳ್ಳುವುದು ಸುಲಭ. ನಮ್ಮಲ್ಲೇ ಚಿಕ್ಕಮಗಳೂರು, ಕೊಡಗಿನ ಕಾಫಿ ತೋಟಗಳಿಗೆ ಅಸ್ಸಾಮಿನಿಂದ ಜನ ಬರುತ್ತಾರೆ. ಅವರು ಇದೇ ದೇಶದವರು, ಅವರಿಗೆ ಯಾವ ವೀಸಾವೂ ಬೇಡ. ಆದರೂ ಹಣ್ಣು ಕುಯ್ದು ಮುಗಿದ ಮೇಲೆ ಅವರು ಇನ್ನೂ ಯಾಕೆ ಇದ್ದಾರೆ ಎಂದು ಕೇಳುವವರು ನಮ್ಮಲ್ಲಿ ಇಲ್ಲವೇ? ನಮ್ಮ ಅತಿಥಿಗಳ ತಾರೀಖು ಕಾಗದದ ಮೇಲಿರುವುದಿಲ್ಲ, ಅಷ್ಟೇ.

ಮನೆಯ ಗಡಿಯಾರವೂ ಒಂದಿದೆ. ನಮ್ಮಲ್ಲಿ ಶಿಕ್ಷಣ ಸಾಲದ ಕಂತು ಸಾಮಾನ್ಯವಾಗಿ ಓದು ಮುಗಿದ ಒಂದು ವರ್ಷಕ್ಕೆ ಶುರುವಾಗುತ್ತದೆ. ಅಂದರೆ ಜರ್ಮನಿಯ ಗಡುವಿಗಿಂತ ಆರು ತಿಂಗಳು ಮೊದಲೇ ಬ್ಯಾಂಕಿನ ಗಂಟೆ ಬಾರಿಸುತ್ತದೆ. ಅದಕ್ಕೂ ಮೊದಲು ಬಾರಿಸುವುದು ನೆಂಟರ ಗಂಟೆ. ಮದುವೆ ಮನೆಯಲ್ಲಿ ಎಲೆಯ ಮುಂದೆ ಕೂತವರು, “ಮಗನಿಗೆ ಅಲ್ಲಿ ಸೆಟ್ಲ್ ಆಯ್ತಾ?” ಎಂದು ಅಕ್ಕನನ್ನು ಕೇಳುತ್ತಾರೆ. ಕೇಳುವವರಲ್ಲಿ ಕೆಡುಕಿಲ್ಲ. ಆದರೆ ಉತ್ತರ ಹೇಳುವ ಅಕ್ಕನ ದನಿ ಪ್ರತಿ ಸಲವೂ ಸ್ವಲ್ಪ ಇಳಿಯುತ್ತದೆ. “ಬಂದುಬಿಡೋಕೆ ಭಯ ಇಲ್ಲ ಚಿಕ್ಕಮ್ಮಾ, ಬಂದ ಮೇಲೆ ಅಮ್ಮ ಯಾರಿಗೆ ಏನು ಹೇಳ್ತಾಳೆ ಅನ್ನೋದೇ ಭಯ” ಎಂದ ಅವನು. ಜರ್ಮನಿಯ ಯಾವ ಕಾನೂನೂ ಅವನಿಗೆ ವಿಧಿಸದ ಶಿಕ್ಷೆ ಇದು.

ಇನ್ನೊಬ್ಬರ ದೇಶದಲ್ಲಿ ಉಳಿಯುವುದು ಯಾರ ಜನ್ಮಸಿದ್ಧ ಹಕ್ಕೂ ಅಲ್ಲ. ಆದರೆ ಕರೆದು ಓದಿಸಿದವರು ಹೇಳಿದ ದಿನಗಳನ್ನು ಪೂರ್ತಿ ಕೊಡಬೇಕು. ಕೆಲಸ ಸಿಗದವನನ್ನು ಕಳಿಸುವಾಗಲೂ ಮರ್ಯಾದೆಯಿಂದ ಕಳಿಸಬೇಕು. ಅವರು ಅಷ್ಟು ಮಾಡಿದರೂ, ಮಾಡದಿದ್ದರೂ, ನಾವು ಮಾಡಬಹುದಾದದ್ದು ಒಂದಿದೆ. ಹಿಂತಿರುಗಿ ಬರುವುದಕ್ಕೆ ಸೋಲೆಂಬ ಹೆಸರಿಡದಿರುವುದು. ಸಾಲ ತೀರಿಸುವುದು ಅವನ ಹೊಣೆ. ಅದಕ್ಕೆ ಬೆಂಗಳೂರಿನ ಸಂಬಳ ಕಡಿಮೆಯಾದರೆ ವರ್ಷ ನಾಲ್ಕು ಹೆಚ್ಚು ಹಿಡಿಯಬಹುದು. ಹಿಡಿಯಲಿ. ಹದಿನೆಂಟು ತಿಂಗಳು ಮುಗಿದ ಮೇಲೂ ದಿನ ಎಣಿಸದೆ ಇರಬಹುದಾದ ಜಾಗ ಮನುಷ್ಯನಿಗೆ ಒಂದಾದರೂ ಬೇಕು.